ಸೊನ್ನೆ ತಿದ್ದದ ಮೇಡಂ

ನಾನು ಓದಿದ ಎಂಜಿನಿಯರಿಂಗ್ ಕಾಲೇಜಿನವರು ತಮ್ಮ ಸ್ಮರಣ ಸಂಚಿಕೆಗೆ ಒಂದು ನಗೆಬರಹ ಬೇಕೆಂದು ಕಾಗದ ಬರೆದಿದ್ದರು. ಎಲ್ಲರ ಅಣಕ ಮಾಡುತ್ತಿದ್ದ ಹುಡುಗ ಎಂಬ ನನ್ನ ಕೀರ್ತಿ ಅಲ್ಲಿ ಇನ್ನೂ ಉಳಿದಿದೆಯಂತೆ. ಬರೆದು ಕಳಿಸಿದೆ. ಹದಿನೈದು ದಿನಕ್ಕೆ ಬರಹ ವಾಪಸು ಬಂತು. ಜೊತೆಗೊಂದು ಚೀಟಿ: ‘ಚೆನ್ನಾಗಿದೆ. ಆ ಹೆಂಗಸಿನ ವಿಷಯ ಒಂದನ್ನು ತೆಗೆದುಕೊಟ್ಟರೆ ಖಂಡಿತ ಹಾಕುತ್ತೇವೆ.’ ಆ ಹೆಂಗಸಿನ ವಿಷಯ ತೆಗೆದರೆ ಬರಹದಲ್ಲಿ ಉಳಿಯುವುದು ನನ್ನ ಸಹಿ ಮಾತ್ರ. ಆದ್ದರಿಂದ ಅದನ್ನು ಇಲ್ಲಿ ಅಚ್ಚು ಹಾಕಿಸುತ್ತಿದ್ದೇನೆ. ಏನನ್ನೂ ತೆಗೆದಿಲ್ಲ. ಸಿಟ್ಟಿಗೆ ಎರಡು ಪುಟ ಸೇರಿಸಿದ್ದೇನೆ.

ಹೆಸರು ಮಾತ್ರ ಹಾಕಿಲ್ಲ. ಅದು ಕಾಲೇಜಿನ ಭಯಕ್ಕಲ್ಲ. ಹಾಕಲೇ ಎಂದು ಆ ಹೆಂಗಸನ್ನೇ ಕೇಳಿದಾಗ ಅವರು, “ನನ್ನ ಹೆಸ್ರು ತಗೊಂಡು ಓದೋರು ಏನ್ ಮಾಡ್ತಾರೆ? ಕೆಲ್ಸಕ್ಕೆ ಬಾರದ್ದನ್ನ ಯಾಕೆ ಬರೀತೀಯ?” ಅಂದರು. ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಇಲ್ಲೂ ಮೇಡಮ್ಮೇ.

ಪೀಣ್ಯದ ಕಾರ್ಖಾನೆಗಳು ಮುಗಿದು ಚಿಕ್ಕಬಾಣಾವರದ ಹೊಲಗಳು ಶುರುವಾಗುವ ಕಡೆ ನಮ್ಮ ಕಾಲೇಜು. ಒಂದು ಕಿಟಕಿ ತೆಗೆದರೆ ಲೇಥು ಯಂತ್ರದ ಕಿರುಚಾಟ, ಎದುರಿನ ಕಿಟಕಿ ತೆಗೆದರೆ ರಾಗಿ ಹೊಲದಲ್ಲಿ ಗಿಳಿ ಓಡಿಸುವವರ ಕೂಗಾಟ. ಮೊದಲ ವರ್ಷದವರಿಗೆಲ್ಲ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಡ್ಡಾಯ. ಕಂಪ್ಯೂಟರ್ ಇರಲಿಲ್ಲ. ಅದರ ಬಣ್ಣದ ಫೋಟೊ ಇತ್ತು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮ ಇಡುತ್ತಿದ್ದರು. ಫೋಟೊದ ಕೆಳಗೆ, ಯಾವುದೋ ಕಾರ್ಖಾನೆ ಹಳತಾಯಿತೆಂದು ದಾನ ಕೊಟ್ಟ ಎರಡು ಕಾರ್ಡು ಕೊರೆಯುವ ಯಂತ್ರಗಳು. ನಮ್ಮ ಪ್ರೋಗ್ರಾಮಿನ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಕಾರ್ಡು. ಕೀಲಿ ಒತ್ತಿದರೆ ಕಾರ್ಡಿನಲ್ಲಿ ಪುಟ್ಟ ಪುಟ್ಟ ಕಿಂಡಿಗಳು ಬೀಳುತ್ತಿದ್ದವು. ಅವನ್ನೆಲ್ಲ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟರೆ, ಮೇಡಂ ಎರಡು ಬಟ್ಟೆ ಚೀಲಗಳಲ್ಲಿ ತುಂಬಿಕೊಂಡು, ಬಸ್ಸು ಹತ್ತಿ, ತಾವು ಹಿಂದೆ ಕೆಲಸ ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆಯ ಕಂಪ್ಯೂಟರ್ ಕೇಂದ್ರಕ್ಕೆ ಒಯ್ಯುತ್ತಿದ್ದರು. ಉತ್ತರ ಅಚ್ಚಾಗಿ ಬರಲು ಒಂದು ವಾರ. ಒಂದು ಕಾಮಾ ಮರೆತಿದ್ದರೆ ಉತ್ತರದ ಬದಲು ‘ತಪ್ಪು’ ಎಂದು ಅಚ್ಚಾಗಿ ಬರುತ್ತಿತ್ತು. ತಿದ್ದಿ ಕಳಿಸಿದರೆ ಮತ್ತೆ ಒಂದು ವಾರ. ಒಂದು ಕಾಮಾದ ತೂಕ ಒಂದು ವಾರ ಎಂದು ನಾನು ಕಲಿತದ್ದು ಹಾಗೆ.

ಮೇಡಂ ನಲವತ್ತೈದರ ಆಸುಪಾಸಿನವರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಡಿಯಾರದ ಮುಖವನ್ನು ಅಂಗೈ ಕಡೆಗೆ ತಿರುಗಿಸಿ ಕಟ್ಟಿ, ಬೇಗ ಬೇಗ ನಡೆದು ಬರುತ್ತಿದ್ದರು. ಓದಿದ್ದು ಡಿಪ್ಲೊಮಾ. ಕಾರ್ಖಾನೆಯ ಕಾರ್ಡು ಕೊರೆಯುವ ವಿಭಾಗದಲ್ಲಿ ಇಪ್ಪತ್ತು ಹುಡುಗಿಯರ ಮೇಲ್ವಿಚಾರಕಿಯಾಗಿದ್ದವರು. ಡಿಗ್ರಿ ಇಲ್ಲದ್ದರಿಂದ ಕಾಲೇಜಿನಲ್ಲಿ ಕೆಲಸ ಕಾಯಂ ಅಲ್ಲ. ಪ್ರತಿ ಏಪ್ರಿಲ್‌ನಲ್ಲಿ ಪ್ರಿನ್ಸಿಪಾಲರು ದಯೆ ತೋರಿ ಸಹಿ ಹಾಕಿದರೆ ಮುಂದಿನ ವರ್ಷ ಉಂಟು. ನಮ್ಮ ಕಾರ್ಡು ಓದುವಾಗ ತುರುಬಿನಿಂದ ಒಂದು ಪಿನ್ನು ಎಳೆದು ಕಿಂಡಿಯಿಂದ ಕಿಂಡಿಗೆ ಅದನ್ನು ನಡೆಸುತ್ತಿದ್ದರು. ಪಿನ್ನು ನಿಂತರೆ ಅಲ್ಲೊಂದು ತಪ್ಪು ಸಿಕ್ಕಿತೆಂದೇ ಅರ್ಥ.

“ಏನಪ್ಪಾ ಮಹಾರಾಯ, ಇಲ್ಲೇನ್ ಬರ್ದಿದೀಯ ಓದು.”

“ಮೇಡಂ, ಅದು ಕೂಡ್ಸಕ್ಕೆ...”

“ಯಾಕೆ ಬರ್ದೆ ಅಂತ ಕೇಳಿಲ್ಲ. ಏನ್ ಬರ್ದಿದೀಯ ಅಂತ ಕೇಳ್ದೆ. ಓದು.”

ಓದಿದರೆ ಅರ್ಧ ವಾಕ್ಯಕ್ಕೇ ನಮ್ಮ ತಪ್ಪು ನಮಗೆ ಕಾಣುತ್ತಿತ್ತು. ಅವರು ಅದನ್ನು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಪಿನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು ಮುಂದಿನವನ ಕಡೆ ಹೋಗುತ್ತಿದ್ದರು.

ಕಂಪ್ಯೂಟರ್ ಇಲ್ಲದ ಕಡೆ ಕಂಪ್ಯೂಟರ್ ಕಲಿಸುವುದಕ್ಕೆ ಅವರದೇ ಒಂದು ವಿಧಾನವಿತ್ತು. ನಮ್ಮನ್ನೇ ಕಂಪ್ಯೂಟರ್ ಮಾಡಿಬಿಡುವುದು. ಮೂರು ಜನರ ಕೊರಳಿಗೆ ದಾರ ಕಟ್ಟಿದ ಸ್ಲೇಟು ತೂಗುಹಾಕುವರು. ಅವರು ಡಬ್ಬಗಳು. ಒಬ್ಬ ‘ಮೊತ್ತ’ ಎಂಬ ಡಬ್ಬ, ಇನ್ನೊಬ್ಬ ‘ಎಣಿಕೆ’, ಮತ್ತೊಬ್ಬ ‘ಈಗ ಬಂದ ಅಂಕಿ’. ನಾಲ್ಕನೆಯವನು ಪ್ರೋಗ್ರಾಮಿನ ಸಾಲುಗಳನ್ನು ಒಂದೊಂದಾಗಿ ಕೂಗುವುದು, ಡಬ್ಬಗಳು ಸ್ಲೇಟು ಒರೆಸಿ ಹೊಸ ಅಂಕಿ ಬರೆದುಕೊಳ್ಳುವುದು. ಯಾರಾದರೂ ಡಬ್ಬ ಸ್ವಂತ ಬುದ್ಧಿ ಓಡಿಸಿ, “ಮೇಡಂ, ಉತ್ತರ ನಲ್ವತ್ತು ಬರುತ್ತೆ” ಎಂದು ಮುಂಚೆಯೇ ಹೇಳಿದರೆ ಸಿಡುಕುತ್ತಿದ್ದರು. “ನೀನು ಡಬ್ಬ ಕಣಪ್ಪ. ಡಬ್ಬ ಯೋಚ್ನೆ ಮಾಡಲ್ಲ. ಯೋಚ್ನೆ ಮಾಡ್ಬೇಕಾದೋನು ಪ್ರೋಗ್ರಾಮು ಬರೆಯೋನು.”

ನನ್ನನ್ನು ಅವರು ಬಹಳ ಸಲ ‘ಮೊತ್ತ’ ಮಾಡುತ್ತಿದ್ದರು. ಕಾರಣವಿತ್ತು. ಒಂದು ದಿನ ಅವರು ಬರುವುದಕ್ಕೆ ಮೊದಲು ನಾನು ಕರ್ಚೀಫನ್ನು ಸೊಂಟಕ್ಕೆ ಸಿಕ್ಕಿಸಿ, ಪೆನ್ಸಿಲನ್ನು ತಲೆಯಿಂದ ಎಳೆದು, “ಏನಪ್ಪಾ ಮಹಾರಾಯ” ಎಂದು ತರಗತಿಯನ್ನು ನಗಿಸುತ್ತಿದ್ದೆ. ನಗು ಇದ್ದಕ್ಕಿದ್ದಂತೆ ನಿಂತಿತು. ಬಾಗಿಲಲ್ಲಿ ಮೇಡಂ. ಬೈಯಲಿಲ್ಲ. “ಕೈ ಎತ್ತಿದ್ದು ಜಾಸ್ತಿಯಾಯ್ತು. ನಾನು ಇಷ್ಟೇ ಎತ್ತೋದು” ಎಂದು ತೋರಿಸಿ, ಕೊರಳಿಗೆ ಸ್ಲೇಟು ಹಾಕಿದರು.

ನನಗೆ ಆಗ ಸ್ವಂತದ್ದು ಎಂಬುದೇನೂ ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ನಗು ಅಪ್ಪನದು, ನಡಿಗೆ ಅಪ್ಪನ ಕಾರ್ಖಾನೆ ಬಸ್ಸಿನ ಡ್ರೈವರನದು, ಕೆಮ್ಮು ಪ್ರಿನ್ಸಿಪಾಲರದು, ಪ್ರೋಗ್ರಾಮು ನಾಗರಾಜನದು. ನಾಗರಾಜ ನನ್ನ ಬೆಂಚಿನವನು, ಜಿಗಣಿ ಕಡೆಯ ಬೇಸಾಯಗಾರರ ಮನೆಯ ಹುಡುಗ. ಅವನ ದೊಡ್ಡಪ್ಪನ ಮಗ ನಮಗಿಂತ ಒಂದು ವರ್ಷ ಮುಂದಿದ್ದ. ಆದ್ದರಿಂದ ಹೋದ ವರ್ಷದ ಸರಿಯಾದ ಪ್ರೋಗ್ರಾಮುಗಳ ಕಾರ್ಡು ಕಟ್ಟುಗಳೆಲ್ಲ ನಾಗರಾಜನ ಟ್ರಂಕಿನಲ್ಲಿದ್ದವು. ಕೊರೆಯುವ ಯಂತ್ರದಲ್ಲಿ ಒಂದು ಗುಂಡಿ ಇತ್ತು. ಅದನ್ನು ಒತ್ತಿ ಹಿಡಿದರೆ ಹಳೆಯ ಕಾರ್ಡಿನ ಹಾಗೇ ಹೊಸ ಕಾರ್ಡು ಕೊರೆದುಕೊಡುತ್ತಿತ್ತು. ಇಡೀ ಕಾಲೇಜಿನಲ್ಲಿ ನಾವು ಪ್ರೀತಿಯಿಂದ ಕಲಿತ ಒಂದೇ ವಿದ್ಯೆ ಆ ಗುಂಡಿ.

ಪ್ರಾಯೋಗಿಕ ಪರೀಕ್ಷೆಗೆ ಮೇಡಂ ಕೊಟ್ಟ ಲೆಕ್ಕ ಸುಲಭದ್ದು. ಒಂದು ಬೇರಿಂಗ್ ಕಾರ್ಖಾನೆ ತಿಂಗಳು ತಿಂಗಳಿಗೂ ಎಷ್ಟು ಬೇರಿಂಗು ತಯಾರಿಸಿತು ಎಂಬ ಅಂಕಿಗಳ ಕಾರ್ಡುಗಳನ್ನು ಅವರೇ ಕೊಡುತ್ತಾರೆ; ಅವನ್ನು ಓದಿ, ತಿಂಗಳಿಗೆ ಸರಾಸರಿ ಎಷ್ಟೆಂದು ಹೇಳುವ ಪ್ರೋಗ್ರಾಮು ನಾವು ಬರೆಯಬೇಕು. ಒಂದು ವಾರ ಸಮಯ.

“ಲೇ, ಇದೇ ಲೆಕ್ಕ ನಮ್ಮಣ್ಣಂಗೂ ಕೊಟ್ಟಿದ್ರು ಕಣ್ಲಾ!” ಎಂದು ನಾಗರಾಜ ಕುಣಿದಾಡಿದ. “ಇಂಗೆ ಎತ್ಕೊಂಡು ಅಂಗೆ ಕೊಟ್ರಾಯ್ತು.”

ಹಾಗೇ ಮಾಡಿದೆವು. ಹೆಸರಿನ ಕಾರ್ಡು ಒಂದನ್ನು ಬದಲಿಸಿದೆವು. ಅರವತ್ತೆರಡು ಜನರಲ್ಲಿ ಅರವತ್ತು ಜನ. ಉಳಿದ ಇಬ್ಬರಿಗೆ ನಾಗರಾಜನ ಜೊತೆ ಮಾತು ಬಿಟ್ಟಿತ್ತು.

ಮರುವಾರ ಉತ್ತರಗಳು ಅಚ್ಚಾಗಿ ಬಂದವು. ಪಾಲಿಗೆ ಬಂದ ಹಾಳೆಯನ್ನು ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿ ಒಪ್ಪಿಸಿದೆವು. ಒಬ್ಬನೂ ಅದರಲ್ಲಿ ಏನಿದೆ ಎಂದು ನೋಡಲಿಲ್ಲ. ಮೇಡಂ ನೋಡಿದರು.

“ಒಂದು ವರ್ಷಕ್ಕೆ ಎಷ್ಟಪ್ಪಾ ತಿಂಗಳು?” ಎಂದು ತರಗತಿಗೆ ಬಂದವರೇ ಕೇಳಿದರು.

“ಹನ್ನೆರಡು ಮೇಡಂ.”

“ನಾನೆಷ್ಟು ಕಾರ್ಡು ಕೊಟ್ಟಿದ್ದೆ?”

“ಹನ್ನೆರಡು ಮೇಡಂ.”

“ಹಾಗಾದ್ರೆ ನವೆಂಬರ್, ಡಿಸೆಂಬರ್ ಎಲ್ಲಿ ಹೋಯ್ತು?”

ಹೋದ ವರ್ಷ ಅವರು ಕೊಟ್ಟಿದ್ದು ಹತ್ತು ತಿಂಗಳ ಅಂಕಿ. ನಾಗರಾಜನ ಅಣ್ಣ ‘ಹತ್ತು ಕಾರ್ಡು ಓದು, ಹತ್ತರಿಂದ ಭಾಗಿಸು’ ಎಂದು ಬರೆದಿದ್ದ. ಯಂತ್ರ ವಿಧೇಯವಾಗಿ ಹತ್ತು ಓದಿ, ಉಳಿದೆರಡನ್ನು ಮುಟ್ಟದೆ ಬಿಟ್ಟಿತ್ತು. ಅರವತ್ತು ಜನರ ಉತ್ತರವೂ ಒಂದೇ, ದಶಾಂಶದ ಕೊನೆಯ ಸ್ಥಾನದವರೆಗೂ ತಪ್ಪು. ಮೇಡಂ ಅರವತ್ತು ಸೊನ್ನೆ ಹಾಕಿದ್ದರು. ಸೊನ್ನೆಗಳೂ ದುಂಡಗೆ, ಒಂದೇ ಅಳತೆಯವು, ನೀಲಿ ಶಾಯಿಯವು.

ಈ ಪರೀಕ್ಷೆಯಲ್ಲಿ ಫೇಲಾದರೆ ಎರಡನೆಯ ವರ್ಷಕ್ಕೆ ಅದನ್ನು ಹೊತ್ತುಕೊಂಡು ಹೋಗಬೇಕು, ಕಿರಿಯರ ಜೊತೆ ಕುಳಿತು ಮತ್ತೆ ಬರೆಯಬೇಕು. ಅಪ್ಪ ಸುದ್ದಿ ಕೇಳಿ, “ಸೊನ್ನೆನಾ? ಒಂದಾದ್ರೂ ತಗೊಂಡಿದ್ರೆ ಕಾರ್ಖಾನೆ ಬಸ್ಸಲ್ಲಿ ಹೇಳ್ಕೋಬೋದಿತ್ತಲ್ಲೋ” ಎಂದರು. ಕಾಲೇಜಿಗೂ ಕುತ್ತಾಯಿತು. ಮುಂದಿನ ತಿಂಗಳು ವಿಶ್ವವಿದ್ಯಾಲಯದ ತನಿಖೆಯವರು ಬರುವವರಿದ್ದರು. ಅರವತ್ತು ಸೊನ್ನೆಗಳನ್ನು ಅವರಿಗೆ ತೋರಿಸುವುದು ಹೇಗೆ?

ಪ್ರಿನ್ಸಿಪಾಲರು ಮೇಡಂ ಅವರನ್ನು ಕರೆಸಿದರು. ನಾನು ಕಿಟಕಿಯ ಹೊರಗೆ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಳ್ಳುತ್ತ ನಿಂತಿದ್ದೆ. ಶೂ ಹಾಕಿದ್ದೆ ಎಂಬುದು ಬೇರೆ ಮಾತು.

“ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ಹುಡುಗ್ರು ಕಾಪಿ ಹೊಡೆಯೋದು ಇದ್ದದ್ದೇ ಅಲ್ವೇನಮ್ಮಾ,” ಎಂದು ಪ್ರಿನ್ಸಿಪಾಲರು ಎರಡು ಸಲ ಕೆಮ್ಮಿದರು. “ಒಂದೈದು ಮಾರ್ಕು ಕಡಿಮೆ ಮಾಡಿ, ಪಾಸ್ ಮಾಡ್ಬಿಡಿ.”

“ಉತ್ತರ ತಪ್ಪು ಸಾರ್. ತಪ್ಪು ಉತ್ತರಕ್ಕೆ ಪಾಸ್ ಮಾರ್ಕು ಹಾಕೋದು ನಂಗೆ ಬರಲ್ಲ.”

“ಏಪ್ರಿಲ್ ಹತ್ರ ಬಂತು. ನಿಮ್ಮ ಫೈಲು ನನ್ನ ಟೇಬಲ್ ಮೇಲೇ ಇದೆ.”

“ಗೊತ್ತು ಸಾರ್. ಕಾಣ್ತಿದೆ.”

ಮಾತು ಮುಗಿಯಿತು. ಮೇಡಂ ಹೊರಗೆ ಬಂದು ನನ್ನ ಶೂ ನೋಡಿ, ನನ್ನ ಮುಖ ನೋಡಿ, ಬಸ್ಸಿಗೆ ಹೋದರು.

ಅವರನ್ನು ಬಗ್ಗಿಸಲು ಸಾಧ್ಯವಿಲ್ಲ ಎಂದಾಗ ನಾವು ಮುಷ್ಕರ ಹೂಡಿದೆವು. ಪ್ರಿನ್ಸಿಪಾಲರು ತಡೆಯಲಿಲ್ಲ, ಗೇಟಿನ ಬಳಿ ಶಾಮಿಯಾನಕ್ಕೆ ಕಂಬ ಕೂಡ ಕಾಲೇಜಿನದೇ. ‘ಡಿಗ್ರಿ ಇಲ್ಲದ ಈ ಶಿಕ್ಷಕಿಗೆ ಪಾಠ ಮಾಡಲು ಬರುವುದಿಲ್ಲ’ ಎಂಬ ಮನವಿಯನ್ನು ನಾನೇ ಬರೆದೆ. ಚೆನ್ನಾಗಿ ಬರೆದೆ, ನಾಚಿಕೆಯಿಲ್ಲದೆ ಬರೆದೆ. ಮೂರನೆಯ ದಿನ ಘೋಷಣೆ ಕೂಗಿ ಕೂಗಿ ಎಲ್ಲರಿಗೂ ಬೇಜಾರಾಯಿತು. ಪಕ್ಕದ ಕಾರ್ಖಾನೆಯ ಮರದ ಪೆಟ್ಟಿಗೆಯೊಂದನ್ನು ತಂದು ನನ್ನನ್ನು ಹತ್ತಿಸಿದರು.

“ಗುರು, ಮೇಡಮ್ಮು ಬರ್ಲಿ! ಮೇಡಮ್ಮು!”

ಕರ್ಚೀಫು ಸೊಂಟಕ್ಕೆ ಹೋಯಿತು, ಗಡಿಯಾರ ಅಂಗೈ ಕಡೆ ತಿರುಗಿತು. “ಏನಪ್ಪಾ ಮಹಾರಾಯ!” ಎಂದೆ. ಗೇಟಿನಾಚೆ ಊಟಕ್ಕೆ ಬಂದಿದ್ದ ಕಾರ್ಮಿಕರೂ ನಿಂತು ನಕ್ಕರು. ಕೈಯನ್ನು ಅವರು ಹೇಳಿಕೊಟ್ಟಷ್ಟೇ ಎತ್ತಿದೆ.

“ಹನ್ನೆರಡು ತಿಂಗಳ ಲೆಕ್ಕ ಹೇಳ್ಕೊಡಿ ಮೇಡಂ!” ಎಂದು ಯಾರೋ ಹಿಂದಿನಿಂದ ಕೂಗಿದ.

ಹೇಳಿಕೊಡಲು ಹೊರಟೆ. ನಾಗರಾಜನನ್ನು ಎಳೆದು ‘ಎಣಿಕೆ’ ಮಾಡಿದೆ, ಇನ್ನೊಬ್ಬ ‘ಮೊತ್ತ’. ಘೋಷಣೆಯ ರಟ್ಟುಗಳ ಹಿಂಬದಿಯೇ ಸ್ಲೇಟು. ಮೇಡಂ ಧ್ವನಿಯಲ್ಲೇ ಸಾಲು ಸಾಲಾಗಿ ಕೂಗಿದೆ. “ಒಂದು ಕಾರ್ಡು ಓದು. ಮೊತ್ತಕ್ಕೆ ಸೇರ್ಸು. ಎಣಿಕೆಗೆ ಒಂದು ಸೇರ್ಸು. ಎಣಿಕೆ ಹತ್ತಾಯ್ತಾ?”

“ಆಯ್ತು ಮೇಡಂ,” ಎಂದು ನಾಗರಾಜ ಸೊಂಟ ಕುಣಿಸಿದ.

“ಹತ್ತಾದ್ರೆ ನಿಲ್ಸು ಅಂತ ಯಾರಪ್ಪಾ ಹೇಳಿದ್ದು? ಇನ್ನೆರಡು ಕಾರ್ಡು ಕೈಲೇ ಇದೆಯಲ್ಲ! ಎಷ್ಟು ಕಾರ್ಡು ಬರುತ್ತೆ ಅಂತ ನೀನು ಮೊದ್ಲೇ...”

ಅಲ್ಲಿ ನನ್ನ ಬಾಯಿ ನಿಂತಿತು. ಕೈ ಮಾತ್ರ ಎತ್ತಿದ ಹಾಗೇ ಇತ್ತು. ಎಷ್ಟು ಕಾರ್ಡು ಎಂಬುದನ್ನು ಪ್ರೋಗ್ರಾಮಿನಲ್ಲಿ ಬರೆದು ಬಿಗಿಯಬಾರದು. ಮೊದಲ ಕಾರ್ಡಿನಲ್ಲಿ ಅದನ್ನೇ ಒಂದು ಅಂಕಿಯಾಗಿ ಕೊಟ್ಟು ಓದಿಸಬೇಕು. ಆಗ ಹತ್ತಾದರೂ ಸರಿ, ಹನ್ನೆರಡಾದರೂ ಸರಿ, ನೂರಾದರೂ ಸರಿ. ಒಂದು ವರ್ಷ ಸ್ಲೇಟು ತೂಗುಹಾಕಿಕೊಂಡು ನಿಂತಾಗ ಹೊಳೆಯದ್ದು, ಅವರನ್ನು ಹಂಗಿಸಲು ಅವರ ಬಾಯಲ್ಲಿ ಮಾತಾಡುವಾಗ ಹೊಳೆದುಬಿಟ್ಟಿತ್ತು. ಅಣಕ ಮರೆತು, ಹಾಗೆಯೇ ಹೇಳಿ, ಲೆಕ್ಕವನ್ನು ಮೊದಲಿನಿಂದ ಶುರು ಮಾಡಿಸಿದೆ. ನಗು ಕಡಿಮೆಯಾಯಿತು. ನಾಗರಾಜ ತನ್ನ ರಟ್ಟನ್ನೇ ದಿಟ್ಟಿಸಿ, “ಓಹೋ! ಅಂಗಾದ್ರೆ ನಮ್ದು ತಪ್ಪೇನ್ಲಾ!” ಎಂದ. ಮುಷ್ಕರದಲ್ಲಿ ಹೇಳಬಾರದ ಮಾತು ಅದು.

“ಮೊತ್ತದ ಡಬ್ಬ ಮೊದ್ಲು ಖಾಲಿ ಮಾಡಿಲ್ಲ,” ಎಂದು ಹಿಂದಿನಿಂದ ಕೇಳಿಸಿತು. “ಹಳೇ ಅಂಕಿ ಹಾಗೇ ಇದೆ. ಅದೂ ಸೇರ್ಕೊಳ್ಳುತ್ತೆ.”

ಬಸ್ಸಿಳಿದು ಬಂದ ಮೇಡಂ, ಎರಡೂ ಕೈಯಲ್ಲಿ ಚೀಲ ಹಿಡಿದು ಕಾರ್ಮಿಕರ ನಡುವೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ! ನಾನು ಪೆಟ್ಟಿಗೆ ಮೇಲಿಂದಲೇ ಬಗ್ಗಿ, ‘ಮೊತ್ತ’ದ ರಟ್ಟು ನೋಡಿದೆ. ನಿಜ, ಹತ್ತು ಕಾರ್ಡಿನ ಹಳೆಯ ಅಂಕಿ ಹಾಗೇ ಇತ್ತು. ಒರೆಸಿದೆ. ಅವರು ಜನರ ನಡುವೆ ದಾರಿ ಮಾಡಿಕೊಂಡು ಒಳಗೆ ಹೋದರು. ನಾವು ತಡೆಯಬೇಕಿತ್ತು. ಯಾರಿಗೂ ನೆನಪಾಗಲಿಲ್ಲ.

ಎರಡು ದಿನದ ಮೇಲೆ ವಿಚಾರಣೆ. ಪ್ರಿನ್ಸಿಪಾಲರು, ಆಡಳಿತ ಮಂಡಳಿಯ ಒಬ್ಬರು, ಕಂಪ್ಯೂಟರ್ ಕೇಂದ್ರದಿಂದ ಕರೆಸಿದ್ದ ಒಬ್ಬ ಹಿರಿಯ ಎಂಜಿನಿಯರು. ಮೂಲೆಯ ಕುರ್ಚಿಯಲ್ಲಿ ಮೇಡಂ. ಮನವಿ ಬರೆದವನೆಂದು ನಾನೇ ಮುಖ್ಯ ಸಾಕ್ಷಿ.

“ಹೇಳಪ್ಪಾ, ಹೆದರ್ಬೇಡ,” ಎಂದರು ಪ್ರಿನ್ಸಿಪಾಲರು. “ಇವರು ಪಾಠ ಹೇಗ್ ಮಾಡ್ತಾರೆ, ಮಾಡಿ ತೋರ್ಸು. ನೀನು ಚೆನ್ನಾಗ್ ಮಾಡ್ತೀಯಂತಲ್ಲ.”

ನಗಿಸಿದ್ದರೆ ಸಾಕಿತ್ತು. ನಗಿಸಿದ್ದರೆ ಮೇಡಂ ಆ ದಿನವೇ ಮನೆಗೆ, ನಾವು ಪಾಸಾಗಿ ಎರಡನೆಯ ವರ್ಷಕ್ಕೆ. ನಾನು ಎಂಜಿನಿಯರ ಕಡೆ ತಿರುಗಿ, “ಸಾರ್, ಯಾವ್ದಾದ್ರೂ ಒಂದು ಲೆಕ್ಕ ಕೊಡಿ” ಎಂದೆ. ಅವರು ಸ್ವಲ್ಪ ಯೋಚಿಸಿ, “ಒಂದು ರಾಶಿ ಅಂಕಿಗಳಲ್ಲಿ ಅತಿ ದೊಡ್ಡದು ಯಾವುದು ಅಂತ ಹುಡುಕು” ಎಂದರು.

ನನಗೆ ಡಬ್ಬಗಳು ಬೇಕಿದ್ದವು. ಪಾಠದ ಸ್ಲೇಟುಗಳು ಸಾಕ್ಷಿಗೆಂದು ಮೇಜಿನ ಮೇಲೇ ಇದ್ದವು, ವಿಚಾರಣೆಗೆ ಕೂತಿದ್ದವರು ಮೂವರು. ಮಂಡಳಿಯವರ ಕೈಗೆ ಸ್ಲೇಟು ಕೊಟ್ಟು, “ನೀವು ಈಗ ಬಂದ ಅಂಕಿ ಸಾರ್” ಎಂದೆ. ಪ್ರಿನ್ಸಿಪಾಲರ ಕೊರಳಿಗೇ ದಾರ ಹಾಕಿ, “ನೀವು ಅತಿ ದೊಡ್ಡದು ಸಾರ್” ಎಂದೆ. ಅವರಿಗೆ ಮೊದಲು ಸಂತೋಷವಾಯಿತು. ಎಂಜಿನಿಯರು ಕೊಟ್ಟ ಮೊದಲ ಅಂಕಿ ಏಳು, ಬರೆದುಕೊಂಡರು. ಎರಡನೆಯದು ಮೂರು ಬಂತು; ಒರೆಸಲು ಹೋದರು.

“ಅದು ನಿಮಗಿಂತ ದೊಡ್ದಾ ಅಂತ ನೋಡಿದ್ರಾ ಮಹಾರಾಯ್ರೆ?” ಎಂದು ನನ್ನ ಬಾಯಿಂದ ಮೇಡಂ ಧ್ವನಿ ಹೊರಟಿತು. “ನಾನ್ ಹೇಳೋಕ್ ಮುಂಚೆ ಯಾಕ್ ಒರೆಸ್ತೀರ? ಡಬ್ಬ ಯೋಚ್ನೆ ಮಾಡಲ್ಲ!”

ಎಂಜಿನಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಲೆಕ್ಕ ಮುಗಿಯಿತು, ಉತ್ತರ ಸರಿಯಾಗಿತ್ತು. “ಹೀಗ್ ಮಾಡ್ತಾರೆ ಸಾರ್ ಪಾಠ” ಎಂದೆ. “ಮನವೀಲಿ ನಾನು ಬರ್ದಿದ್ದು ಸುಳ್ಳು.”

ಪ್ರಿನ್ಸಿಪಾಲರು ಸ್ಲೇಟು ಬಿಚ್ಚುತ್ತಲೇ ಇನ್ನೊಂದು ದಾರಿ ಕಂಡುಕೊಂಡರು. ಅವರು ಸುಮ್ಮನೆ ಪ್ರಿನ್ಸಿಪಾಲರಾದವರಲ್ಲ. “ನೋಡೀಮ್ಮಾ! ಹುಡುಗನಿಗೆ ಎಲ್ಲಾ ಬರುತ್ತೆ! ಇನ್ನೇನು, ಮಾರ್ಕು ತಿದ್ದಿ. ಇವನಿಂದಲೇ ಶುರು ಮಾಡಿ.”

ಮೇಡಂ ಮೂಲೆಯಿಂದಲೇ ಹೇಳಿದರು: “ಈಗ ಬರುತ್ತೆ ಸಾರ್. ಪರೀಕ್ಷೆ ದಿನ ಬರ್ತಿರ್ಲಿಲ್ಲ. ಆ ಸೊನ್ನೆ ಆವತ್ತಿಂದು.”

“ಅವನು ನಿಮ್ಮ ಪರವಾಗಿ ಮಾತಾಡಿದಾನಮ್ಮಾ!”

“ಅದಕ್ಕೂ ಲೆಕ್ಕಕ್ಕೂ ಏನ್ ಸಂಬಂಧ ಸಾರ್?”

ನನಗೆ ಮೈ ಉರಿಯಿತು, ಸುಳ್ಳೇಕೆ ಹೇಳಲಿ. ಪ್ರಿನ್ಸಿಪಾಲರ ಕೊರಳಿಗೆ ದಾರ ಹಾಕಿದ ಮೇಲೂ ಸೊನ್ನೆಯೇ? ಆದರೆ ಆ ಕೋಣೆಯಲ್ಲಿ ಏಪ್ರಿಲ್‌ಗೆ ಕೆಲಸ ಹೋಗುವುದು ಖಚಿತ ಎಂದು ಗೊತ್ತಿದ್ದೂ ಕುರ್ಚಿಯ ಹಿಡಿಗಳ ಮೇಲೆ ಕೈ ಚಾಚಿ ಆರಾಮವಾಗಿ ಕುಳಿತಿದ್ದವರು ಅವರೊಬ್ಬರೇ. ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. “ನಾನೇ ಬೇರೆಯೋರ ಕೈಲಿ ತಿದ್ದಿಸ್ತೀನಿ. ನೀನು ಒಂದು ಅರ್ಜಿ ಬರ್ಕೊಡು.”

“ಬೇಡ ಸಾರ್,” ಎಂದೆ. “ಸೊನ್ನೆ ನಂದೇ. ಇರ್ಲಿ.”

ಅರ್ಜಿ ಕೊಟ್ಟ ಐವತ್ತೊಂಬತ್ತು ಜನರೂ ಪಾಸಾದರು. ಹೊಸ ಪಟ್ಟಿಗೆ ಮೇಡಂ ಸಹಿ ಹಾಕಲಿಲ್ಲ. ಬೇರೆ ವಿಭಾಗದವರೊಬ್ಬರು ಹಾಕಿದರು. ನೋಟೀಸು ಬೋರ್ಡಿನ ಮುಂದೆ ನಾಗರಾಜ ನನ್ನ ಹೆಗಲ ಮೇಲೆ ಕೈ ಹಾಕಿ, “ಉಚ್ಚು ಮುಂಡೇದೆ, ಒಂದು ಕಾಗ್ದ ಬರ್ದಿದ್ರೆ ಏನಾಗ್ತಿತ್ಲಾ?” ಎಂದು ಕಣ್ಣಲ್ಲಿ ನೀರು ತಂದುಕೊಂಡ. ಏಪ್ರಿಲ್‌ನಲ್ಲಿ ಮೇಡಂ ಫೈಲಿಗೆ ಸಹಿ ಬೀಳಲಿಲ್ಲ. ಬೀಳ್ಕೊಡುಗೆ ಇರಲಿಲ್ಲ. ಸ್ಲೇಟುಗಳನ್ನು ಎಣಿಸಿ ಸ್ಟೋರಿಗೆ ಒಪ್ಪಿಸಿ, ರಸೀದಿ ಕೇಳಿ ಪಡೆದುಕೊಂಡು ಹೋದರಂತೆ.

ಮುಂದಿನ ವರ್ಷ ಕಿರಿಯರ ನಡುವೆ ಉದ್ದಕ್ಕೆ ಎದ್ದು ಕಾಣುತ್ತ ಕುಳಿತು ಅದೇ ಪರೀಕ್ಷೆಗೆ ತಯಾರಾದೆ. ಅಷ್ಟರಲ್ಲಿ ಮೇಡಂ ಪೀಣ್ಯದ ಒಂದು ಸಣ್ಣ ಕಾರ್ಖಾನೆ ಸೇರಿದ್ದರು. ತಗಡಿನ ಮಾಡಿನ ಕೆಳಗೆ ಅವರದೊಂದು ಮೇಜು. ತಯಾರಿಕೆಯ ಅಂಕಿಗಳನ್ನು ಕಾರ್ಡಿಗೆ ಇಳಿಸಿ ಕಂಪ್ಯೂಟರ್ ಕೇಂದ್ರಕ್ಕೆ ಕಳಿಸುವ ಕೆಲಸ. ಒಂದು ಮಧ್ಯಾಹ್ನ ನನ್ನ ಕಾರ್ಡು ಕಟ್ಟನ್ನು ಹಿಡಿದು ಅಲ್ಲಿಗೆ ಹೋದೆ. ಸರಾಸರಿಯದೇ ಲೆಕ್ಕ, ಈ ಸಲ ಪೂರ್ತಿ ನಾನೇ ಬರೆದದ್ದು.

ಹೇಗಿದ್ದೀಯ ಎಂದು ಕೇಳಲಿಲ್ಲ. ತುರುಬಿನಿಂದ ಪಿನ್ನು ಎಳೆದು ಓದತೊಡಗಿದರು. ಒಂದು ಕಾರ್ಡಿನ ಹತ್ತಿರ ನಿಲ್ಲಿಸಿ, ಅದನ್ನು ಕಟ್ಟಿನಿಂದ ಹೊರತೆಗೆದು ಪಕ್ಕಕ್ಕಿಟ್ಟರು.

“ಇದು ದಂಡ. ಓದಿದ ಅಂಕೀನೆಲ್ಲಾ ಮತ್ತೆ ಯಾಕೆ ಅಚ್ಚು ಮಾಡಿಸ್ತೀಯ? ಉತ್ತರ ಒಂದು ಸಾಲದಾ? ಕೇಂದ್ರದೋರು ಕಾಗ್ದ ಹಾಳು ಅಂತ ಬೈತಾರೆ.”

“ಬೈಲಿ ಮೇಡಂ. ಅದು ಇರ್ಬೇಕು.”

“ಯಾಕೆ?”

“ಉತ್ತರ ಮಾತ್ರ ಕೊಟ್ರೆ ನಮ್ಮಂಥೋರು ನೋಡ್ದೆ ಅಂಟಿಸ್ಕೋತಾರೆ. ಯಾವ್ಯಾವ ತಿಂಗಳು ಓದ್ದೆ ಅಂತ ಯಂತ್ರ ಮೊದ್ಲು ಬಾಯ್ಬಿಟ್ಟು ಹೇಳ್ಬೇಕು. ಹೇಳಿದ್ಮೇಲೆ ಉತ್ತರ ಕೊಡ್ಲಿ.”

“ನಂಗೆ ಬೇಡ ಅನ್ಸುತ್ತೆ.”

“ನಂಗೆ ಬೇಕು ಅನ್ಸುತ್ತೆ ಮೇಡಂ. ತೆಗೆಯಲ್ಲ.”

ಪಕ್ಕದ ಲೇಥು ಒಂದು ಸಲ ಕಿರುಚಿ ಸುಮ್ಮನಾಯಿತು. ಅವರು ಕಟ್ಟನ್ನು ಮೊದಲಿನಿಂದ ಮತ್ತೆ ಓದಿದರು, ಆ ಕಾರ್ಡು ಇಲ್ಲದೆ ಒಂದು ಸಲ, ಇಟ್ಟು ಒಂದು ಸಲ. ಆಮೇಲೆ ಅದನ್ನು ಅದರ ಜಾಗಕ್ಕೆ ಸೇರಿಸಿ, ರಬ್ಬರ್ ಬ್ಯಾಂಡು ಹಾಕಿದರು. ನನಗೆ ವಾಪಸು ಕೊಡಲಿಲ್ಲ. ತಮ್ಮ ಯಂತ್ರದ ಪಕ್ಕದಲ್ಲಿಟ್ಟುಕೊಂಡರು.

“ಸ್ವಲ್ಪ ಕೂತಿರು. ನಮ್ಮ ಕಾರ್ಖಾನೆ ಲೆಕ್ಕಕ್ಕೆ ಇದು ಬೇಕು, ಒಂದು ನಕಲು ತೆಕ್ಕೊಂಡು ಕೊಡ್ತೀನಿ.”

“ನಕಲಾ ಮೇಡಂ? ನೀವಾ?”

“ಎರಡು ಸಲ ಓದಿದೀನಲ್ಲಪ್ಪಾ,” ಎಂದು ಅವರು ಗುಂಡಿ ಒತ್ತಿ ಹಿಡಿದರು.